ಆಫೀಸಿನಲ್ಲಿ ತಿಂಡಿ ಡಬ್ಬಿ ತೆರೆದಾಗ: ಯಾರ ಮನಸ್ಸೂ ನೋಯಿಸದೆ ಹದವಾಗಿ ತಿನ್ನುವುದು ಹೇಗೆ?

ಓದುಗರು ಕೇಳುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. "ಮನೆಯಲ್ಲಿ ಎಲ್ಲಾ ಸರಿಯಾಗೇ ತಿನ್ತೀನಿ. ಆಫೀಸಿಗೆ ಹೋದರೆ ಯಾರಾದರೊಬ್ಬರು ಡಬ್ಬಿ ತೆರೀತಾರೆ. ಅಲ್ಲಿಗೆ ಮುಗೀತು." ಒಬ್ಬರ ಹುಟ್ಟುಹಬ್ಬ, ಇನ್ನೊಬ್ಬರಿಗೆ ಬಡ್ತಿ, ಮತ್ತೊಬ್ಬರು ಪ್ರವಾಸ ಮುಗಿಸಿ ಬಂದಿರುತ್ತಾರೆ. ವಾರಕ್ಕೆ ಎರಡು ಮೂರು ಸಲ ಏನಾದರೂ ಒಂದು ಕಾರಣ ಇದ್ದೇ ಇರುತ್ತದೆ ಅಲ್ವಾ?

ಹೀಗೆ ಕೇಳುವವರಲ್ಲಿ ತುಂಬಾ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದನ್ನು ಓದುವಾಗ ನನಗೆ ಬೇಜಾರಾಗುತ್ತದೆ. ಹೊಟ್ಟೆ ಹಸಿದಿದೆ, ಕಣ್ಣೆದುರಿಗೆ ಕೇಕ್ ಇದೆ, ಜೊತೆಯಲ್ಲಿ ಕೆಲಸ ಮಾಡುವವರು ಪ್ರೀತಿಯಿಂದ ಕೊಡುತ್ತಿದ್ದಾರೆ. ಅಂಥ ಹೊತ್ತಿನಲ್ಲಿ ನಿಂತು ಯೋಚಿಸಿ ತೀರ್ಮಾನ ಮಾಡುವುದು ಯಾರಿಗಾದರೂ ಕಷ್ಟವೇ. ಆ ತೀರ್ಮಾನವನ್ನು ಡಬ್ಬಿ ಬರುವ ಮೊದಲೇ, ಹೊಟ್ಟೆ ತುಂಬಿರುವಾಗ ಮಾಡಿಟ್ಟುಕೊಳ್ಳಬೇಕು. ಕೆಳಗಿನ ಎಲ್ಲ ಹಂತಗಳೂ ಅದಕ್ಕಾಗಿಯೇ ಇವೆ.

ಶುರು ಮಾಡುವ ಮುಂಚೆ

ಕೆಲವರು ಮೊದಲು ವೈದ್ಯರ ಹತ್ತಿರ ಮಾತಾಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ತಿನ್ನುವ ಹೊತ್ತನ್ನಾಗಲಿ ಪ್ರಮಾಣವನ್ನಾಗಲಿ ತಾವಾಗಿಯೇ ಬದಲಿಸಬಾರದು. ಮೈ ನಡುಗುವುದು, ಸುಮ್ಮಸುಮ್ಮನೆ ಬೆವರುವುದು, ಕಣ್ಣು ಮಂಜಾಗುವುದು ರಕ್ತದಲ್ಲಿ ಸಕ್ಕರೆ ತೀರಾ ಇಳಿದಿರುವ ಗುರುತಾಗಿರಬಹುದು. ಆಗ ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ನಾಲ್ಕು ಟೀ ಚಮಚ, ನೀರಲ್ಲಿ ಕದಡಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿಕೊಳ್ಳಬೇಕು. ಆ ಹೊತ್ತಿಗೆ ಇಲ್ಲಿರುವ ಯಾವ ನಿಯಮವೂ ಲೆಕ್ಕಕ್ಕಿಲ್ಲ.

ಹಿಂದೆ ಊಟ ಬಿಟ್ಟು ಬಿಟ್ಟು ಸೊರಗಿದವರು, ಅಥವಾ ವಿಪರೀತ ತಿಂದು ವಾಂತಿ ಮಾಡಿಕೊಳ್ಳುವ ತೊಂದರೆ ಅನುಭವಿಸಿದವರು ಲೆಕ್ಕ ಬರೆಯುವ ಹಂತಗಳನ್ನು ಒಬ್ಬರೇ ಮಾಡಬೇಡಿ. ಲೆಕ್ಕ ಬರೆಯುತ್ತಾ ಹೋದರೆ ಹಳೆಯ ತೊಂದರೆ ಮರಳಿ ಬರಬಹುದು. ನಿಮ್ಮನ್ನು ನೋಡಿದ ವೈದ್ಯರನ್ನೇ ಕೇಳಿ.

ಉಳಿದವರಿಗೆ ಬೇಕಾಗುವುದು ಇಷ್ಟೇ: ಒಂದು ಪುಟ್ಟ ನೋಟ್‌ಬುಕ್, ಒಂದು ನೀರಿನ ಬಾಟಲಿ, ಮುಚ್ಚಳ ಇರುವ ಎರಡು ಚಿಕ್ಕ ಡಬ್ಬಿ. ಒಂದು ಡಬ್ಬಿ ನಿಮ್ಮ ತಿಂಡಿಗೆ. ಇನ್ನೊಂದು ಖಾಲಿ ಇರಲಿ. ಅದರ ಕೆಲಸ ಆರನೇ ಹಂತದಲ್ಲಿದೆ.

1. ಮೊದಲ ವಾರ ಏನನ್ನೂ ಬದಲಿಸಬೇಡಿ, ಸುಮ್ನೆ ಬರೆದಿಡಿ

ಎಂದಿನಂತೆ ತಿನ್ನಿ. ಆದರೆ ಆಫೀಸಿನಲ್ಲಿ ಊಟ ಬಿಟ್ಟು ಬೇರೆ ಏನು ತಿಂದರೂ ಒಂದು ಸಾಲು ಬರೆಯಿರಿ. ಎಷ್ಟು ಗಂಟೆಗೆ, ಏನು, ಹಸಿವು ಎಷ್ಟಿತ್ತು, ಯಾಕೆ ತಿಂದೆ. ಹಸಿವಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟರೆ ಸಾಕು.

"ಯಾಕೆ" ಎಂಬುದನ್ನು ಮಾತ್ರ ತಪ್ಪಿಸಬೇಡಿ. "ಹಸಿವಾಗಿತ್ತು" ಎಂದು ಜಾಸ್ತಿ ಬಂದಿದ್ದರೆ ನಿಮಗೆ ಮುಖ್ಯವಾದದ್ದು ಮೂರನೇ ಹಂತ. "ಎದುರಿಗಿತ್ತು" ಎಂದು ಬಂದಿದ್ದರೆ ಐದನೆಯದು. "ಬೇಡ ಅಂದರೆ ಬೇಜಾರು ಮಾಡ್ಕೋತಾರೆ" ಎಂದಿದ್ದರೆ ಆರನೆಯದು. ಎಲ್ಲರ ಸಮಸ್ಯೆಯೂ ಒಂದೇ ಅಲ್ಲ. ಹಸಿವಿಲ್ಲದೆ ಬರೀ ಸಂಕೋಚಕ್ಕೆ ತಿನ್ನುವವರು ಬೆಳಗಿನ ತಿಂಡಿ ಎಷ್ಟು ಬದಲಿಸಿದರೂ ಏನೂ ಪ್ರಯೋಜನವಾಗುವುದಿಲ್ಲ.

ಇಲ್ಲಿ ಆಗುವ ತಪ್ಪು: ಚೂರುಗಳನ್ನು ಬರೆಯದೆ ಬಿಡುವುದು. ಹಾದುಹೋಗುವಾಗ ಮುರಿದುಕೊಂಡ ಅರ್ಧ ಬಿಸ್ಕತ್ತು, ಮೀಟಿಂಗಿನಲ್ಲಿ ಬಾಯಿಗೆ ಹಾಕಿಕೊಂಡ ಒಂದು ಚಾಕೊಲೇಟ್ ಎಲ್ಲವೂ ಪುಸ್ತಕಕ್ಕೆ ಬರಲಿ.

2. ಲೆಕ್ಕ ಒಮ್ಮೆ ತಿಳಿದುಕೊಳ್ಳಿ

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತು. ದಿನದ ಒಟ್ಟು ಕ್ಯಾಲೊರಿಯಲ್ಲಿ "ಫ್ರೀ ಶುಗರ್" ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ಅದು ಹೇಳುತ್ತದೆ. ಕ್ಯಾಲೊರಿ ಅಂದರೆ ಆಹಾರದಿಂದ ಸಿಗುವ ಶಕ್ತಿಯ ಅಳತೆ. ಫ್ರೀ ಶುಗರ್ ಅಂದರೆ ಅಡುಗೆಯಲ್ಲೋ ಕಾರ್ಖಾನೆಯಲ್ಲೋ ಸೇರಿಸಿದ ಸಕ್ಕರೆ. ಜೇನುತುಪ್ಪ, ಹಣ್ಣಿನ ರಸದಲ್ಲಿರುವ ಸಕ್ಕರೆಯೂ ಇದರಲ್ಲೇ ಸೇರುತ್ತದೆ. ಇಡೀ ಹಣ್ಣಿನಲ್ಲಿ, ಹಾಲಿನಲ್ಲಿ ತಾನಾಗಿ ಇರುವ ಸಕ್ಕರೆ ಸೇರುವುದಿಲ್ಲ.

ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಶೇ 10 ಅಂದರೆ 50 ಗ್ರಾಂ, ಸುಮಾರು 12 ಟೀ ಚಮಚ. ಶೇ 5 ಅಂದರೆ 25 ಗ್ರಾಂ, ಸುಮಾರು ಆರು ಚಮಚ. ಈಗ ನಿಮ್ಮ ಟೀ, ಕಾಫಿ ನೋಡಿ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಮೂರು ಲೋಟ ಕುಡಿದರೆ ಆರು ಚಮಚ ಅಲ್ಲೇ ಆಯಿತು. ಡಬ್ಬಿ ಇನ್ನೂ ತೆರೆದೇ ಇಲ್ಲ.

ಹಾಗಾಗಿ ನನ್ನ ಸಲಹೆ: ಸಿಹಿತಿಂಡಿಯ ಜೊತೆ ಜಗಳ ಶುರು ಮಾಡುವ ಮುಂಚೆ ಟೀ, ಕಾಫಿಯ ಸಕ್ಕರೆ ಇಳಿಸಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ದಿನವೂ ಕುಡಿಯುವುದರಲ್ಲಿ ಉಳಿಸಿದರೆ ಅಪರೂಪಕ್ಕೆ ಬರುವ ಕೇಕನ್ನು ನೆಮ್ಮದಿಯಿಂದ ತಿನ್ನಬಹುದು.

ಕರಿದ ತಿಂಡಿಯ ಲೆಕ್ಕ ಬೇರೆ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9 ಇರುತ್ತದೆ. "ಖಾರದ್ದು ತಾನೇ, ಸಿಹಿ ಅಲ್ವಲ್ಲ" ಎಂದು ಬಟ್ಟಲುಗಟ್ಟಲೆ ತಿನ್ನುವವರು ಇದನ್ನು ನೆನಪಿಡಿ. "ಸಕ್ಕರೆರಹಿತ" ಎಂದು ಬರೆದಿರುವ ಪೊಟ್ಟಣದಲ್ಲೂ ಕೊಬ್ಬು, ಮೈದಾ ಇದ್ದೇ ಇರಬಹುದು. ಅದರಲ್ಲಿ ಸಕ್ಕರೆಯ ಬದಲು ಹಾಕುವ ಸಾರ್ಬಿಟಾಲ್, ಮಾಲ್ಟಿಟಾಲ್ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದೂ ಉಂಟು. ಪೊಟ್ಟಣದ ಹಿಂದೆ ಸಾಮಗ್ರಿಗಳ ಪಟ್ಟಿ ನೋಡಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನೇ ಮೊದಲು ಬರೆದಿರುತ್ತಾರೆ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್ ಎಂಬವೂ ಸಕ್ಕರೆಯೇ.

ಮನೆಯಲ್ಲಿ ಮಾಡಿ ತಂದದ್ದಕ್ಕೆ ಲೇಬಲ್ ಇರುವುದಿಲ್ಲ. ಅದರ ಲೆಕ್ಕ ಕೇಳಲು ಹೋಗಲೇಬೇಡಿ. ಪ್ರೀತಿಯಿಂದ ಮಾಡಿ ತಂದವರನ್ನು "ಎಷ್ಟು ಸಕ್ಕರೆ ಹಾಕಿದ್ದೀರಿ" ಎಂದು ವಿಚಾರಿಸುವುದು ಸರಿಯಲ್ಲ.

3. ಹಸಿದು ಡಬ್ಬಿಯ ಮುಂದೆ ನಿಲ್ಲಬೇಡಿ

ನನ್ನ ಅನುಭವದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಆದರೂ ಜನ ಇದನ್ನೇ ಬಿಟ್ಟು ನೇರವಾಗಿ "ಬೇಡ" ಎನ್ನುವುದನ್ನು ಕಲಿಯಲು ಹೋಗುತ್ತಾರೆ.

ಹೊಟ್ಟೆಯಲ್ಲಿ ಗ್ರೆಲಿನ್ ಎಂಬ ಹಾರ್ಮೋನ್ ಹುಟ್ಟುತ್ತದೆ. ಹಾರ್ಮೋನ್ ಅಂದರೆ ರಕ್ತದಲ್ಲಿ ಹರಿದು ದೇಹದ ಬೇರೆ ಭಾಗಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕ. ಜಪಾನಿನ ವಿಜ್ಞಾನಿಗಳಾದ ಮಾಸಾಯಾಸು ಕೊಜಿಮಾ, ಕೆಂಜಿ ಕಂಗಾವಾ ಮತ್ತು ಅವರ ತಂಡ 1999ರಲ್ಲಿ ಇದನ್ನು ಕಂಡುಹಿಡಿದರು. ಊಟಕ್ಕೆ ಮುಂಚೆ ಇದು ಏರುತ್ತದೆ, ಊಟವಾದ ಮೇಲೆ ಇಳಿಯುತ್ತದೆ. ರೂಢಿಯಾದ ಊಟದ ಹೊತ್ತಿಗೆ ಸರಿಯಾಗಿ ಏರುವುದು ಇದರ ಸ್ವಭಾವ. ದಿನಾ ನಾಲ್ಕು ಗಂಟೆಗೆ ಏನಾದರೂ ತಿಂದು ರೂಢಿಯಾಗಿದ್ದರೆ ಇವತ್ತೂ ನಾಲ್ಕಕ್ಕೆ ಹಸಿವಾಗುತ್ತದೆ. ಅದು ನಿಜವಾದ ಹಸಿವೇ. ಅದನ್ನು ಅಲ್ಲಗಳೆಯಬೇಡಿ, ಅದಕ್ಕೆ ಏನು ಕೊಡಬೇಕೆಂದು ಮೊದಲೇ ಸಿದ್ಧ ಮಾಡಿಕೊಳ್ಳಿ.

ಹೀಗೆ ಮಾಡಿ. ಬೆಳಗ್ಗೆ ಏನಾದರೂ ತಿಂದು ಹೊರಡುವವರು ಅದರಲ್ಲಿ ಪ್ರೋಟೀನ್ ಇರುವಂತೆ ನೋಡಿಕೊಳ್ಳಿ. ಮೊಟ್ಟೆ, ಕಾಳು, ಬೇಳೆ, ಮೊಸರು ಯಾವುದಾದರೂ ಆಗುತ್ತದೆ. ಮಧ್ಯಾಹ್ನದ ಊಟದಲ್ಲಿ ತರಕಾರಿ, ಕಾಳು ಜಾಸ್ತಿ ಇರಲಿ. ಅವುಗಳಲ್ಲಿರುವ ನಾರು ಹೊಟ್ಟೆಯನ್ನು ಬೇಗ ಖಾಲಿಯಾಗಲು ಬಿಡುವುದಿಲ್ಲ. ಆಮೇಲೆ ಡಬ್ಬಿ ತೆರೆಯುವ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ನಿಮ್ಮದೇ ತಿಂಡಿ ತಿನ್ನಿ. ಒಂದು ಹಣ್ಣು, ಒಂದು ಹಿಡಿ ಕಡಲೆಬೀಜ ಅಥವಾ ಬಾದಾಮಿ ಸಾಕು. ಹಿಡಿ ಅಂದರೆ ಒಂದೇ ಹಿಡಿ. ಇಡೀ ಪೊಟ್ಟಣ ಮೇಜಿನ ಮೇಲಿಟ್ಟರೆ ಅದೂ ಖಾಲಿಯಾಗುತ್ತದೆ. ಮನೆಯಿಂದ ಹೊರಡುವಾಗಲೇ ಅಳೆದು ಡಬ್ಬಿಗೆ ಹಾಕಿಕೊಳ್ಳಿ.

ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಬರುವ ಜೋಂಪು ಮಾತ್ರ ಹಸಿವಲ್ಲ. ಅದು ದೇಹದ ಗಡಿಯಾರದ ಏರಿಳಿತ, ಊಟ ಮಾಡದಿದ್ದರೂ ಬರುತ್ತದೆ. ಆಗ ಎದ್ದು ನೀರು ಕುಡಿದು ಐದು ಹತ್ತು ನಿಮಿಷ ನಡೆಯಿರಿ. ಆಗಲೂ ಹಸಿವೆನಿಸಿದರೆ ಡಬ್ಬಿ ತೆರೆಯಿರಿ, ನಿಮ್ಮ ಡಬ್ಬಿ.

ರಾತ್ರಿ ನಿದ್ದೆ ಕಡಿಮೆಯಾದರೂ ಮರುದಿನ ಹಸಿವು, ಸಿಹಿಯ ಆಸೆ ಎರಡೂ ಏರುತ್ತವೆ. ನೋಟ್‌ಬುಕ್ಕಿನಲ್ಲಿ ಹಾಳಾದ ದಿನಗಳ ಹಿಂದಿನ ರಾತ್ರಿ ಹೇಗಿತ್ತು ಎಂದೂ ನೋಡಿ.

ಇಲ್ಲಿ ಆಗುವ ತಪ್ಪು: "ಇವತ್ತು ಪಾರ್ಟಿ ಇದೆ" ಎಂದು ಮಧ್ಯಾಹ್ನದ ಊಟ ಬಿಡುವುದು. ಸಂಜೆಯ ಹೊತ್ತಿಗೆ ಎರಡು ಊಟದಷ್ಟು ತಿಂಡಿ ಒಳಗೆ ಹೋಗಿರುತ್ತದೆ.

4. ನಿಯಮವನ್ನು ಮುಂಚೆಯೇ ಬರೆದಿಟ್ಟುಕೊಳ್ಳಿ

"ಇನ್ಮೇಲೆ ಕಡಿಮೆ ತಿಂತೀನಿ" ಎಂಬುದು ನಿಯಮವಲ್ಲ, ಆಸೆ. ಕಡಿಮೆ ಅಂದರೆ ಎಷ್ಟು? ಯಾವಾಗಿಂದ? ಡಬ್ಬಿ ಮುಂದೆ ಬಂದಾಗ ಮತ್ತೆ ಮೊದಲಿಂದ ಯೋಚಿಸಬೇಕಾಗುತ್ತದೆ.

ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ 1999ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಸರಳ ಉಪಾಯವೊಂದಿದೆ. ಗುರಿಯನ್ನು "ಹೀಗಾದರೆ ಹೀಗೆ ಮಾಡುತ್ತೇನೆ" ಎಂಬ ರೂಪಕ್ಕೆ ತಂದುಕೊಂಡವರು ಬರೀ ಗುರಿ ಇಟ್ಟುಕೊಂಡವರಿಗಿಂತ ಚೆನ್ನಾಗಿ ನಡೆಸುತ್ತಾರೆ. ಆ ಸಂದರ್ಭ ಬಂದ ಕೂಡಲೇ ಏನು ಮಾಡಬೇಕೆಂಬುದು ತಾನಾಗಿ ನೆನಪಾಗುತ್ತದೆ. ನಿಮ್ಮ ನೋಟ್‌ಬುಕ್ ನೋಡಿ ನಾಲ್ಕೈದು ಸಾಲು ಬರೆದುಕೊಳ್ಳಿ. ಉದಾಹರಣೆಗೆ:

ಹುಟ್ಟುಹಬ್ಬದ ಕೇಕ್ ಬಂದರೆ, ಎರಡು ಬೆರಳಗಲದ ಒಂದು ತುಂಡು ತಗೊಂಡು ಕೂತು ತಿನ್ನುತ್ತೇನೆ.
ಅಂಗಡಿಯ ಬಿಸ್ಕತ್ತು, ಚಿಪ್ಸ್ ಬಂದರೆ ತಗೊಳ್ಳುವುದಿಲ್ಲ. ಅದು ಯಾವಾಗ ಬೇಕಾದರೂ ಸಿಗುತ್ತದೆ.
ಮೀಟಿಂಗಿನಲ್ಲಿ ತಟ್ಟೆ ಬಂದರೆ ಟೀ ಲೋಟ ಮಾತ್ರ ಎತ್ತಿಕೊಂಡು ತಟ್ಟೆಯನ್ನು ಪಕ್ಕದವರಿಗೆ ದಾಟಿಸುತ್ತೇನೆ.
ವಾರದಲ್ಲಿ ಎರಡು ಸಲ ತಿಂದಾಗಿದ್ದರೆ ಮೂರನೆಯದನ್ನು ಮನೆಗೆ ಒಯ್ಯುತ್ತೇನೆ.

ಎರಡು ಸಲ ಎಂಬುದು ನನ್ನ ಲೆಕ್ಕ. ನಿಮ್ಮದು ಮೂರಿರಲಿ, ಒಂದಿರಲಿ, ಆದರೆ ಸಂಖ್ಯೆ ಇರಲೇಬೇಕು. ಸೊನ್ನೆ ಮಾತ್ರ ಬೇಡ. "ಏನೂ ತಿನ್ನಲ್ಲ" ಎಂದು ಹೊರಟವರು ಮೊದಲ ತುಂಡಿಗೇ ನಿಯಮ ಮುರಿಯಿತೆಂದು ಪೂರ್ತಿ ಕೈಬಿಡುತ್ತಾರೆ.

5. ಡಬ್ಬಿ ಎಲ್ಲಿದೆ?

ನಿಮ್ಮ ಮೇಜಿನ ಮೇಲಾಗಲಿ ಕಣ್ಣಿಗೆ ಬೀಳುವ ಜಾಗದಲ್ಲಾಗಲಿ ಇರಬಾರದು, ಅಷ್ಟೇ. ಡಬ್ಬಿ ಇಡಲು ನಿಮ್ಮ ಮೇಜನ್ನು ಆರಿಸಿಕೊಂಡಿದ್ದರೆ "ಎಲ್ಲರಿಗೂ ಸಿಗೋ ಹಾಗೆ ಅಡುಗೆ ಮನೆ ಹತ್ತಿರ ಇಡೋಣ" ಎಂದು ನೀವೇ ಎತ್ತಿಟ್ಟು ಬನ್ನಿ. ಮುಚ್ಚಳ ಹಾಕಿಡಿ. ನೀರು ತರಲು ಅದರ ಪಕ್ಕದಲ್ಲೇ ಹೋಗಬೇಕಿದ್ದರೆ ಬಾಟಲಿಯನ್ನು ಬೆಳಗ್ಗೆಯೇ ತುಂಬಿಟ್ಟುಕೊಳ್ಳಿ. ಡ್ರಾಯರಿನಲ್ಲಿ "ತುರ್ತಿಗೆ" ಎಂದು ಇಟ್ಟಿರುವ ಚಾಕೊಲೇಟ್ ಇದ್ದರೆ ಅದನ್ನೂ ಅಲ್ಲಿಂದ ತೆಗೆದುಬಿಡಿ.

6. "ಬೇಡ" ಎಂದು ಹೇಳುವುದು

ಹೆಚ್ಚಿನವರಿಗೆ ಕಷ್ಟವಾಗುವುದು ಇದೇ. ನಮಗೆ ತಿಂಡಿ ಕೊಡುವುದೆಂದರೆ ಪ್ರೀತಿ ತೋರಿಸುವುದು. ಬೇಡ ಎಂದರೆ ಆ ಪ್ರೀತಿಯನ್ನೇ ಬೇಡ ಎಂದ ಹಾಗಾಗುತ್ತದೇನೋ ಎಂಬ ಅಳುಕು. ಅದು ಒಳ್ಳೆಯ ಮನಸ್ಸಿನಿಂದ ಬರುವ ಅಳುಕು, ಅದನ್ನು ಕಳೆದುಕೊಳ್ಳಬೇಡಿ. ತಂದವರಿಗೆ ಮೆಚ್ಚುಗೆಯನ್ನು ಪೂರ್ತಿ ಕೊಟ್ಟು, ತಿಂಡಿಯನ್ನು ಮಾತ್ರ ಬಿಡುವುದನ್ನು ಕಲಿಯಬೇಕು. ಮೊದಲು ಮೆಚ್ಚುಗೆ, ಆಮೇಲೆ ಚಿಕ್ಕದಾಗಿ ಬೇಡ, ಕೊನೆಗೆ ಬೇರೆ ಮಾತು.

"ಅಯ್ಯೋ, ನೀವೇ ಮಾಡಿದ್ದಾ ಮೇಡಂ? ಎಷ್ಟು ಚೆನ್ನಾಗಿ ಕಾಣ್ತಿದೆ! ನಂಗೆ ಈಗ ಬೇಡ, ಹೊಟ್ಟೆ ತುಂಬಿದೆ. ಮಗಳ ಪರೀಕ್ಷೆ ಹೇಗಾಯ್ತು?"

ಪದದ ಆಯ್ಕೆಯೂ ಮುಖ್ಯ. "ತಿನ್ನೋ ಹಾಗಿಲ್ಲ" ಎಂದರೆ ಯಾರೋ ನಿಮ್ಮನ್ನು ತಡೆದಿದ್ದಾರೆ ಎಂದಾಯಿತು. ಎದುರಿನವರು ಆ ತಡೆಯನ್ನು ದಾಟಿಸಲು ನೋಡುತ್ತಾರೆ: "ಒಂದಿನಕ್ಕೆ ಏನೂ ಆಗಲ್ಲ ಬಿಡಿ." ಅದೇ "ಸಂಜೆ ಹೊತ್ತು ನಾನು ಸಿಹಿ ತಿನ್ನಲ್ಲ" ಎಂದರೆ ಅದು ನಿಮ್ಮ ಅಭ್ಯಾಸ. ವಾದಕ್ಕೆ ಜಾಗ ಕಡಿಮೆ. ವನೆಸ್ಸಾ ಪ್ಯಾಟ್ರಿಕ್ ಮತ್ತು ಹೆನ್ರಿಕ್ ಹಾಗ್ಟ್‌ವೆಟ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥದ್ದೇ ಎರಡು ಮಾತುಗಳನ್ನು ಹೋಲಿಸಿದ್ದರು. "ನನಗೆ ಆಗುವುದಿಲ್ಲ" ಎಂದುಕೊಂಡವರಿಗಿಂತ "ನಾನು ಮಾಡುವುದಿಲ್ಲ" ಎಂದುಕೊಂಡವರು ಆಸೆಯನ್ನು ಚೆನ್ನಾಗಿ ತಡೆದುಕೊಂಡರು. ಈ ಮಾತು ಎದುರಿನವರಿಗೆ ಮಾತ್ರವಲ್ಲ, ನಮ್ಮ ಕಿವಿಗೂ ಬೀಳುತ್ತದೆ.

ಒತ್ತಾಯ ಮಾಡುವವರು ಇರುತ್ತಾರೆ. ಒಂದು ಸಲ ಬೇಡ ಎಂದರೆ ಅವರು ಅದನ್ನು ಸಂಕೋಚ ಎಂದುಕೊಳ್ಳುತ್ತಾರೆ. ಅವರಿಗೆ ಅದೇ ಮಾತನ್ನು, ಅದೇ ನಗುವಿನೊಂದಿಗೆ ಎರಡನೇ ಸಲ ಹೇಳಿ. ಹೊಸ ಹೊಸ ಕಾರಣ ಕೊಡಬೇಡಿ. ಪ್ರತಿ ಕಾರಣಕ್ಕೂ ಒಂದು ಉತ್ತರ ಬರುತ್ತದೆ. ಮೂರನೇ ಸಲವೂ ಬಿಡದಿದ್ದರೆ ನಿಮ್ಮ ಖಾಲಿ ಡಬ್ಬಿ ತೆಗೆಯಿರಿ. "ಇದರಲ್ಲಿ ಒಂದು ಹಾಕಿಕೊಡಿ, ಮನೆಯಲ್ಲಿ ಎಲ್ಲರೂ ಹಂಚ್ಕೊಂಡು ತಿಂತೀವಿ." ಕೊಟ್ಟವರಿಗೆ ಸಮಾಧಾನ, ನಿಮಗೂ ಸಮಾಧಾನ. ಮನೆಗೆ ಒಯ್ದು ಹೇಳಿದಂತೆ ಹಂಚಿಕೊಂಡೇ ತಿನ್ನಿ.

ಕೊಡುತ್ತಿರುವವರು ಮೇಲಧಿಕಾರಿಯಾದರೆ ನಾನಂತೂ ಒಂದು ಚಿಕ್ಕ ತುಂಡು ತೆಗೆದುಕೊಳ್ಳಿ ಎನ್ನುತ್ತೇನೆ. "ಥ್ಯಾಂಕ್ಸ್ ಸರ್, ಇಷ್ಟು ಸಾಕು" ಎಂದು ನೀವೇ ಮುರಿದುಕೊಳ್ಳಿ. ನಿಮ್ಮ ಕೈಯಿಂದ ತೆಗೆದುಕೊಂಡರೆ ಪ್ರಮಾಣ ನಿಮ್ಮದು. ಅವರು ಬಡಿಸಿದರೆ ಅವರದು.

ಮೂರು ತಪ್ಪು ಇಲ್ಲಿ ಪದೇ ಪದೇ ಆಗುತ್ತವೆ. ಒಂದು, "ಆಮೇಲೆ ತಿಂತೀನಿ" ಎಂದು ಜಾರಿಕೊಳ್ಳುವುದು. ಅವರು ನಿಮಗಾಗಿ ಎತ್ತಿಟ್ಟು ಐದು ಗಂಟೆಗೆ ತಂದು ಕೊಡುತ್ತಾರೆ. ಎರಡು, ಇಲ್ಲದ ಕಾಯಿಲೆ ಹೇಳುವುದು. ಜನ ನಂಬಿ ಕಾಳಜಿ ಮಾಡುತ್ತಾರೆ, ಸುಳ್ಳು ಬೆಳೆಯುತ್ತಾ ಹೋಗುತ್ತದೆ. ಮೂರನೆಯದು ನನಗೆ ತುಂಬಾ ನೋವು ತರುವಂಥದ್ದು: ತಿನ್ನುತ್ತಿರುವವರ ಮುಂದೆ ಸಕ್ಕರೆಯ ಕೆಡುಕು ವಿವರಿಸುವುದು. ಅವರ ತುತ್ತನ್ನು ಕಹಿ ಮಾಡುವ ಹಕ್ಕು ನಮಗಿಲ್ಲ.

ನಿಜವಾದ ಅಲರ್ಜಿ ಇರುವವರು ಮಾತ್ರ ಸಂಕೋಚ ಬಿಟ್ಟು ನೇರವಾಗಿ ಹೇಳಿ. "ಕಡಲೆಬೀಜ ನನಗೆ ಅಲರ್ಜಿ" ಎಂದು ಇಡೀ ತಂಡಕ್ಕೆ ಗೊತ್ತಿರಬೇಕು. ಏನೇನು ಹಾಕಿದ್ದಾರೆಂದು ನೀವು ಕೇಳಲೇಬೇಕು. ಎರಡನೇ ಹಂತದಲ್ಲಿ ಹೇಳಿದ ಮಾತು ನಿಮಗೆ ಅನ್ವಯಿಸುವುದಿಲ್ಲ.

7. ತಿನ್ನುವಾಗ ಚೆನ್ನಾಗಿ ತಿನ್ನಿ

ತಿನ್ನುವ ದಿನ ಎಂದು ತೀರ್ಮಾನಿಸಿದ್ದರೆ ಕದ್ದು ತಿನ್ನಬೇಡಿ. ತಟ್ಟೆಗೆ ಹಾಕಿಕೊಂಡು, ಕಂಪ್ಯೂಟರ್ ಬಿಟ್ಟು, ಕೂತು, ನಿಧಾನವಾಗಿ ತಿನ್ನಿ. ಡಬ್ಬಿಯ ಪಕ್ಕ ನಿಂತು ತಿಂದರೆ ಎಷ್ಟು ತಿಂದಿರಿ ಎಂಬುದೇ ಗೊತ್ತಾಗುವುದಿಲ್ಲ.

ನಾಲ್ಕು ಬಗೆ ಇದ್ದರೆ ಒಂದನ್ನೇ ಆರಿಸಿಕೊಳ್ಳಿ. ಒಂದೇ ರುಚಿಯನ್ನು ತಿನ್ನುತ್ತಾ ಹೋದರೆ ಅದರ ಆಸೆ ಬೇಗ ತಗ್ಗುತ್ತದೆ, ಆದರೆ ಬೇರೆ ರುಚಿ ಎದುರಿಗೆ ಬಂದರೆ ಆಸೆ ಮತ್ತೆ ಏಳುತ್ತದೆ. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದ್ದರು. ಸಿಹಿಯಾದ ಮೇಲೆ ಖಾರ, ಖಾರವಾದ ಮೇಲೆ ಮತ್ತೆ ಸಿಹಿ ಎಂದು ಕೈ ಹೋಗುವುದು ಇದಕ್ಕೇ.

ದಿನವಿಡೀ ಚೂರು ಚೂರು ತಿನ್ನುವುದು ಹಲ್ಲಿಗೂ ಕೆಟ್ಟದ್ದು. ಪ್ರತಿ ಸಲ ಸಿಹಿ ಬಾಯಿಗೆ ಹೋದಾಗ ಅಲ್ಲಿನ ಬ್ಯಾಕ್ಟೀರಿಯಾ ಆಮ್ಲ ತಯಾರಿಸುತ್ತವೆ. ಅದು ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಹತ್ತು ಸಲ ಚೂರು ತಿನ್ನುವುದಕ್ಕಿಂತ ಒಂದೇ ಸಲ ತಿಂದು ಬಾಯಿ ಮುಕ್ಕಳಿಸುವುದು ವಾಸಿ.

8. ತಪ್ಪಿದ ದಿನ

ತಪ್ಪುತ್ತದೆ. ಮೂರು ತುಂಡು ತಿಂದಿರುತ್ತೀರಿ. ಅದಕ್ಕಿಂತ ಅಪಾಯ ಆಮೇಲೆ ಬರುವ ಯೋಚನೆ: "ಹೇಗೂ ಹಾಳಾಯ್ತು, ಇವತ್ತು ತಿಂದುಬಿಡೋಣ, ಸೋಮವಾರದಿಂದ ನೋಡೋಣ."

1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಇದನ್ನೇ ಪರೀಕ್ಷಿಸಿದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು ಆಮೇಲೆ ಐಸ್‌ಕ್ರೀಮ್ ಮುಂದಿಟ್ಟರು. ಸಾಮಾನ್ಯವಾಗಿ ತಿನ್ನುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಕಟ್ಟುನಿಟ್ಟಿನಲ್ಲಿ ಇರುವವರು ಮಾತ್ರ ಮಿಲ್ಕ್‌ಶೇಕ್ ಕುಡಿಯದಿದ್ದಾಗ ತಿನ್ನುವುದಕ್ಕಿಂತ ಹೆಚ್ಚೇ ತಿಂದರು. ಅಂದರೆ ಮಿತಿ ಮೀರಿದೆ ಎಂಬ ಭಾವನೆಯೇ ಇನ್ನಷ್ಟು ತಿನ್ನಿಸಿತು. ಹಾಗಾಗಿ ದಯವಿಟ್ಟು ನಿಮ್ಮನ್ನು ಬೈದುಕೊಳ್ಳಬೇಡಿ. ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. ಹತ್ತು ನಿಮಿಷ ನಡೆದು ಬನ್ನಿ. ರಾತ್ರಿ ಎಂದಿನ ಊಟವನ್ನೇ ಮಾಡಿ. ಊಟ ಬಿಟ್ಟರೆ ಮರುದಿನ ಹಸಿದು ಮತ್ತೆ ಡಬ್ಬಿಯ ಮುಂದೆ ನಿಲ್ಲುತ್ತೀರಿ.

ಅಭ್ಯಾಸ ಬೇರೂರಲು 21 ದಿನ ಸಾಕು ಎಂಬ ಮಾತನ್ನು ಕೇಳಿರಬಹುದು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುವಿನ ಅಂಕಿ 66 ದಿನ ಬಂದಿತ್ತು. ಕೆಲವರಿಗೆ 18 ದಿನದಲ್ಲೇ ರೂಢಿಯಾದರೆ, ಇನ್ನು ಕೆಲವರಿಗೆ 254 ದಿನದವರೆಗೂ ಬೇಕೆಂದು ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಹಾಳಾಗಲಿಲ್ಲ.

9. ನಿಮ್ಮ ಸರದಿ ಬಂದಾಗ

ನಿಮ್ಮ ಹುಟ್ಟುಹಬ್ಬಕ್ಕೆ ಏನು ತರುತ್ತೀರಿ? ಹೆಚ್ಚಿದ ಹಣ್ಣು ತನ್ನಿ, ಜೊತೆಗೆ ಎಲ್ಲರಿಗೂ ಇಷ್ಟವಾಗುವ ಒಂದು ಸಿಹಿಯನ್ನೂ ತನ್ನಿ. ಬರೀ ಹಣ್ಣು ತಂದರೆ ಉಳಿದವರಿಗೆ ಪಾಠ ಹೇಳಿದ ಹಾಗಾಗುತ್ತದೆ. ಎರಡೂ ಇದ್ದರೆ ಹಣ್ಣಿನ ತಟ್ಟೆ ಖಾಲಿಯಾಗುವುದನ್ನು ನೋಡಿ. ನಿಮ್ಮ ಹಾಗೆ ಸುಮ್ಮನೆ ಕಷ್ಟಪಡುತ್ತಿದ್ದವರು ತಂಡದಲ್ಲಿ ಇನ್ನೂ ಇಬ್ಬರು ಮೂವರು ಇದ್ದೇ ಇರುತ್ತಾರೆ.

ಅವರ ಜೊತೆ ಮಾತಾಡಿ. ತಿಂಗಳ ಎಲ್ಲ ಹುಟ್ಟುಹಬ್ಬಗಳನ್ನು ಒಂದೇ ದಿನ ಮಾಡೋಣವೇ ಎಂದು ತಂಡದಲ್ಲಿ ಕೇಳಬಹುದು. ಯಾರೂ ಒಪ್ಪದಿದ್ದರೆ ಒತ್ತಾಯ ಬೇಡ. ನಾಲ್ಕು ವಾರ ಕಳೆದ ಮೇಲೆ ನೋಟ್‌ಬುಕ್ ತೆಗೆದು ಮೊದಲ ವಾರದ ಪುಟದ ಪಕ್ಕ ಇಟ್ಟು ನೋಡಿ. "ಯಾಕೆ" ಎಂಬಲ್ಲಿ ಯಾವ ಕಾರಣ ಇನ್ನೂ ಉಳಿದಿದೆಯೋ ಆ ಒಂದು ಹಂತಕ್ಕೆ ಮಾತ್ರ ಮರಳಿ ಹೋಗಿ.